ಕುಕ್ಕುವುದು ಬೇರೆ, ಎತ್ತಿಹಾಕುವುದು ಬೇರೆ

ಆ ಗ್ಯಾರೇಜಿಗೊಂದು ಬೋರ್ಡು ಇತ್ತು. ಬಿಸಿಲಿಗೆ ಬಣ್ಣ ಉದುರಿ ಉದುರಿ, ಅದರ ಮೇಲೆ ಒಂದು ಟೈರಿನ ಚಿತ್ರವೂ ಯಾವುದೋ ಪದದ ಕೊನೆಯ ಅಕ್ಷರವೂ ಮಾತ್ರ ಉಳಿದಿದ್ದವು. ಗಿರಾಕಿಗಳಿಗೆ ಬೋರ್ಡಿನ ಅಗತ್ಯವಿರಲಿಲ್ಲ. ಅವರಿಗೆಲ್ಲ ಅದು ಕ್ರಿಯಾಪದದ ಗ್ಯಾರೇಜು. ಅದರ ಯಜಮಾನ ಬರೀ ಕ್ರಿಯಾಪದ. ಐವತ್ತರ ಆಸುಪಾಸಿನ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ, ಮಾತಾಡುವ ಮುಂಚೆ ಒಮ್ಮೆ ಕೈ ಒರೆಸಿಕೊಳ್ಳುವ ಆ ಮನುಷ್ಯನಿಗೆ ಅಡ್ಡಹೆಸರಿನ ಬಗ್ಗೆ ಬೇಸರವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಹೆಸರು ಯಾವುದಾದರೇನು, ಕರೆದವರು ಕಾರು ತಂದರೆ ಸಾಕು ಎನ್ನುವ ಜಾಯಮಾನ ಅವನದು.

ಹೆಸರಿಟ್ಟವರು ಹತ್ತಿರದ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದ ಮೇಷ್ಟ್ರು. ಅವರು ಮೊದಲ ಸಲ ತಮ್ಮ ಹಳೆಯ ಕಾರನ್ನು ತಂದು ನಿಲ್ಲಿಸಿದಾಗ, ಇಳಿಯುವ ಮುಂಚೆಯೇ ತೀರ್ಪು ಕೊಟ್ಟಿದ್ದರು.

"ಶಾಕ್ ಅಬ್ಸಾರ್ಬರ್ ಹೋಗಿದೆ ಕಣಯ್ಯಾ. ಹಾಕಿಬಿಡು."

ಮೆಕ್ಯಾನಿಕ್, ಗಾಡಿಗಳ ಕೆಳಗೆ ನಿಂತು ನೋಡಲು ನೆಲದಲ್ಲಿ ತೋಡಿದ ಗುಂಡಿಯಿಂದ ಮೇಲೆ ಬಂದು ಕೈ ಒರೆಸಿಕೊಂಡ. "ಸಾರ್, ಏನಾಗಿದೆ ಅಂತ ಹೇಳ್ಬೇಡಿ. ಏನ್ ಮಾಡುತ್ತೆ ಅಂತ ಹೇಳಿ."

"ಅಂದ್ರೆ?"

"ರಸ್ತೆ ಮೇಲೆ ಹಂಪ್ ಬಂತು, ಹತ್ತಿ ಇಳಿದ್ರಿ. ಆಗ ಗಾಡಿ ಏನ್ ಮಾಡುತ್ತೆ?"

"ನೀನೇ ಒಂದೆರಡು ಹೇಳು, ಯಾವುದು ಅಂತ ಆರಿಸ್ತೀನಿ."

"ಅದಾಗಲ್ಲ ಸಾರ್. ನಾನು ಹೇಳಿದ್ರೆ ನೀವು ಹೂಂ ಅಂತೀರ. ನಿಮ್ಮ ಬಾಯಲ್ಲೇ ಬರ್ಬೇಕು."

ಮೇಷ್ಟ್ರು ಸ್ಟೀರಿಂಗ್ ಹಿಡಿದುಕೊಂಡೇ ಕಣ್ಣು ಮುಚ್ಚಿ ಯೋಚಿಸಿದರು. ಜೀವಮಾನವೆಲ್ಲ ಮಕ್ಕಳಿಗೆ ಪದಗಳನ್ನು ಹಂಚಿದವರಿಗೆ ಒಂದು ಪದ ಹುಡುಕುವ ಕಷ್ಟ ಬಂದಿತ್ತು. "ತೊನೆಯುತ್ತೆ," ಎಂದರು ಕೊನೆಗೆ. "ಹಂಪ್ ದಾಟಿ ಎಷ್ಟೋ ದೂರ ಹೋದ್ರೂ, ಒಳ್ಳೆ ಹಾಡು ಕೇಳಿದವರ ಹಾಗೆ ತಲೆಯಾಡಿಸ್ತಾನೇ ಇರುತ್ತೆ."

"ಹಾಗಾದ್ರೆ ಶಾಕೇ ಸಾರ್."

"ಅದನ್ನೇ ತಾನೇ ನಾನು ಮೊದಲು ಹೇಳಿದ್ದು?"

"ಮೊದಲು ಹೇಳಿದ್ದು ತೀರ್ಮಾನ. ಈಗ ಹೇಳಿದ್ದು ಸಾಕ್ಷಿ."

ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. "ನಿನಗೆ ನಾಮಪದ ಆಗಿಬರಲ್ಲ ಅನ್ನು. ಕ್ರಿಯಾಪದವೇ ಬೇಕು," ಎಂದು ನಕ್ಕರು. ಶಾಲೆಯ ಅಧ್ಯಾಪಕರ ಕೋಣೆಯಿಂದ ಹೊರಟ ಆ ಹೆಸರು ಬೇಗನೆ ಪೇಟೆಯ ಬಿಡಿಭಾಗದ ಅಂಗಡಿಗಳವರೆಗೂ ಹೋಯಿತು.

ಕ್ರಿಯಾಪದನ ಪದ್ಧತಿಯಲ್ಲಿ ಪವಾಡವೇನೂ ಇರಲಿಲ್ಲ. ಗಾಡಿ ತೊನೆಯುತ್ತೆ ಎಂದರೆ ಸ್ಪ್ರಿಂಗಿನ ಕುಣಿತವನ್ನು ತಡೆಯಬೇಕಾದ ಶಾಕ್ ಸೋತಿದೆ ಎಂದು ಅವನು ಊಹಿಸುತ್ತಿದ್ದ. ಅದುರುತ್ತೆ ಎಂದರೆ ಮೊದಲು ಟೈರಿನ ಕಡೆ ಬಗ್ಗುತ್ತಿದ್ದ. ಕುಲುಕುತ್ತೆ ಎಂದವರ ಗಾಡಿಯಲ್ಲಿ ಕೀಲುಗಳ ನಡುವೆ ಸವೆದ ರಬ್ಬರ್ ಬುಷ್ ಹುಡುಕುತ್ತಿದ್ದ. ಕುಕ್ಕುತ್ತೆ ಎಂದರೆ, ಗಾಡಿಯ ಹಿಂಭಾಗ ಕೆಳಗಿಳಿದು ತಳಕ್ಕೆ ಬಡಿಯುತ್ತಿದೆ, ಅಲ್ಲಿ ಏನೋ ಬಲ ಸಾಲದು ಎಂದು ಲೆಕ್ಕ. ಆದರೆ ಪದ ತೋರಿಸುವುದು ದಿಕ್ಕನ್ನು ಮಾತ್ರ. ಹೋಗಿ ನೋಡುವ ಕೆಲಸ ಉಳಿದೇ ಇರುತ್ತದೆ. ಆದ್ದರಿಂದ ಅವನು ಗಾಡಿಯನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿ ತಂದು, ತಕ್ಷಣ ಕೆಳಗೆ ತೂರಿ ಪ್ರತಿಯೊಂದು ಶಾಕಿನ ಮೈ ಮುಟ್ಟಿ ನೋಡುತ್ತಿದ್ದ. ಗಾಡಿಯ ಕುಣಿತವನ್ನು ನುಂಗಿ ಬಿಸಿ ಮಾಡಿಕೊಳ್ಳುವುದೇ ಶಾಕಿನ ಕಸುಬು. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಮೈಗಳ್ಳತನ ಮಾಡಿದ್ದು ತಣ್ಣಗಿರುತ್ತದೆ. ಕೆಲಸ ಮುಗಿದ ಮೇಲೆ ಗಿರಾಕಿಯನ್ನೇ ಮತ್ತೆ ಅದೇ ಹಂಪಿನ ಮೇಲೆ ಕಳುಹಿಸಿ, ಬಂದಮೇಲೆ ಅದೇ ಪ್ರಶ್ನೆ ಕೇಳುತ್ತಿದ್ದ: ಈಗ ಏನ್ ಮಾಡುತ್ತೆ? ಅವರು ಕೊಂಚ ತಡವರಿಸಿ "ಏನೂ ಮಾಡಲ್ಲಪ್ಪ" ಎಂದರೆ ಅಂದಿನ ಕೆಲಸ ಸರಿಯಾಯಿತು ಎಂದು ಅರ್ಥ.

ಈ ಪ್ರಶ್ನೆಯನ್ನು ಅವನು ಯಾವ ಗ್ಯಾರೇಜಿನಲ್ಲೂ ಕಲಿತಿರಲಿಲ್ಲ. ಅದು ಅವನ ಅಕ್ಕನದು. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ತಮ್ಮನನ್ನು ಎತ್ತಿ ಆಡಿಸಿ ಶಾಲೆಗೆ ಕಳುಹಿಸುವ ಜವಾಬ್ದಾರಿ ಅಕ್ಕನ ಮೇಲಿತ್ತು. ಬೆಳಿಗ್ಗೆ ಅವನು ಹೊಟ್ಟೆ ಹಿಡಿದುಕೊಂಡು ಮುಲುಗಿದರೆ ಅವಳು ಹಣೆ ಮುಟ್ಟಿ, "ಹೊಟ್ಟೆ ಏನ್ ಮಾಡ್ತಿದೆ ಪುಟ್ಟಾ?" ಎಂದು ಕೇಳುತ್ತಿದ್ದಳು. ಹಿಂಡುತ್ತೆ ಎಂದರೆ ಬಿಸಿನೀರು. ಉರಿಯುತ್ತೆ ಎಂದರೆ ತಣ್ಣೀರು. "ಚುಚ್ಚಿ, ಹಿಂಡಿ, ನುಲಿದು, ಉರಿಯುತ್ತೆ" ಎಂದು ಒಂದೇ ಉಸಿರಿಗೆ ಹೇಳಿದ ದಿನ ಅವನಿಗೆ ಸಿಕ್ಕಿದ್ದು ಶಾಲೆಯ ಚೀಲ.

ಅಕ್ಕ ಮದುವೆಯಾಗಲಿಲ್ಲ, ಆಗದೆ ಉಳಿದದ್ದಕ್ಕೆ ಕಥೆಯನ್ನೂ ಕಟ್ಟಲಿಲ್ಲ. ಕತ್ತರಿ ಹಿಡಿದಳು. ಒಬ್ಬ ಜೊತೆಗಾತಿಯನ್ನು ಸೇರಿಸಿಕೊಂಡು ಹೊಲಿಗೆ ಅಂಗಡಿ ತೆರೆದಳು. ಅಕ್ಕ ಬಟ್ಟೆ ಕತ್ತರಿಸುವುದು, ಜೊತೆಗಾತಿ ಹೊಲಿಯುವುದು, ಇದು ಅವರ ಒಪ್ಪಂದ. ಅಂಗಡಿಯ ನಡುವಿನ ಉದ್ದನೆಯ ಮೇಜು ಅಕ್ಕನದು. ಅದರ ಒಂದು ಅಂಚು ಅವಳ ಸೊಂಟ ಒರಗಿ ಒರಗಿ ನುಣುಪಾಗಿತ್ತು. ಕೂತು ಕತ್ತರಿಸಿದರೆ ಬಟ್ಟೆ ಸರಿಯುತ್ತದೆ ಎಂದು ಅವಳು ದಿನವಿಡೀ ನಿಂತೇ ಕೆಲಸ ಮಾಡುತ್ತಿದ್ದಳು.

ಒಂದು ದಿನ ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದವಳು ಥಾನಿನ ಸಮೇತ ಕೆಳಗೆ ಬಿದ್ದಳು. ಬೆನ್ನುಮೂಳೆಯ ಕೆಳಭಾಗದಲ್ಲಿ ಕೂದಲೆಳೆಯಷ್ಟು ಬಿರುಕು. ತಮ್ಮ ಅವಳನ್ನು ತನ್ನ ಮನೆಯ ಮುಂದಿನ ಕೋಣೆಗೆ ತಂದು ಮಲಗಿಸಿದ. ಮೂಳೆ ತಾನಾಗಿ ಕೂಡಿಕೊಂಡಿತು. ಆದರೆ ಮಲಗಿದ್ದ ಬೆನ್ನು ನಿಲ್ಲುವುದನ್ನು ಮರೆತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಬಿಡಿಸಿ ಹೇಳಿದರು: ತಪ್ಪದೆ ಬಂದು ಯಂತ್ರದ ಮೇಲೆ ಬೆನ್ನನ್ನು ಪಳಗಿಸಿದರೆ ಮೊದಲಿನಂತೆ ನಿಲ್ಲಬಹುದು. ಈಗ ಬಿಟ್ಟರೆ, ಬಗ್ಗಿದಲ್ಲೇ ಅದು ಬಿಗಿದುಕೊಳ್ಳುತ್ತದೆ. ಆಮೇಲೆ ಮನೆಯೊಳಗೆ ಓಡಾಡಬಹುದು. ಮೇಜಿನ ಮುಂದೆ ನಿಲ್ಲುವುದನ್ನು ಮರೆಯಬೇಕು.

ಜೊತೆಗಾತಿಯೂ ನೋಡಲು ಬಂದಿದ್ದಳು. ಕೆಟ್ಟವಳಲ್ಲ. "ಮೇಜು ಮುಟ್ಟಿಲ್ಲಕ್ಕ, ಹಾಗೇ ಇಟ್ಟಿದ್ದೀನಿ," ಎಂದು ಕೈ ಹಿಡಿದುಕೊಂಡಳು. "ಆದ್ರೆ ಶಾಲೆ ಶುರುವಾಗೋ ಹೊತ್ತಿಗೆ ಯೂನಿಫಾರಂ ಕೆಲಸ ಬರುತ್ತೆ. ಅಷ್ಟರೊಳಗೆ ಯಾರಾದ್ರೂ ಕತ್ತರಿ ಹಿಡೀಲೇಬೇಕಲ್ಲ."

"ನಾನೇ ಹಿಡೀತೀನಿ," ಎಂದಳು ಅಕ್ಕ, ಗೋಡೆಯ ಕಡೆ ತಿರುಗಿ.

ಆಸ್ಪತ್ರೆ ಇದ್ದದ್ದು ಪೇಟೆಯ ಆಚೆ ತುದಿಯಲ್ಲಿ. ನಡುವೆ ಶಾಲೆಯ ಮುಂದೊಂದು ಹಂಪು, ರೈಲು ದಾಟುವಲ್ಲಿ ಹಳಿಗಳು, ಆಸ್ಪತ್ರೆಯ ಗೇಟಿನಲ್ಲಿ ಮತ್ತೊಂದು ಹಂಪು. ಕರೆದೊಯ್ಯುವ ಹೊಣೆ ತಮ್ಮನದು ಎನ್ನುವುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಹೊರಡುವ ಮುನ್ನಾದಿನ ಅವನು ಗ್ಯಾರೇಜಿಗೆ ರಜೆ ಹಾಕಿ ತನ್ನ ಕಾರನ್ನು ತೊಳೆಯಲು ಕೂತ. ಆ ಕಾರು ಹೆಸರಿಗೆ ಕಾರು. ಬದುಕಿದ್ದೆಲ್ಲ ಸಾಮಾನು ಗಾಡಿಯಾಗಿ. ಅದರ ಡಿಕ್ಕಿಯಲ್ಲಿ ಸದಾ ಎರಡು ಗೇರ್‌ಬಾಕ್ಸ್, ಇಂಜಿನ್ ಎತ್ತುವ ಸರಪಳಿ, ದೊಡ್ಡ ಜಾಕು, ಪಾನಾಗಳ ಪೆಟ್ಟಿಗೆಗಳು ಮನೆ ಮಾಡಿಕೊಂಡಿದ್ದವು. ಎಲ್ಲವನ್ನೂ ಇಳಿಸಿ ಗ್ಯಾರೇಜಿನ ಪಕ್ಕದ ಅಂಗಡಿಗೆ ಸಾಗಿಸಿ, ಎಣ್ಣೆಯ ಕಲೆ ಉಜ್ಜಿ, ಹಿಂದಿನ ಸೀಟಿಗೆ ಒಗೆದ ಹೊದಿಕೆ ಹಾಸಿ, ದಿಂಬು ಜೋಡಿಸಿದ. ಟೈರುಗಳಿಗೆ ಎಂದಿನಂತೆ ಗಟ್ಟಿಯಾಗಿ ಗಾಳಿ ತುಂಬಿದ.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನಾನು ಮದುವೆಯಾಗಿ ಬಂದ ದಿನ ಕಾಲಿಡೋಕೆ ಜಾಗ ಇರ್ಲಿಲ್ಲ ಈ ಕಾರಲ್ಲಿ. ಬ್ಯಾಟರಿ ತೊಡೆ ಮೇಲಿಟ್ಕೊಂಡು ಬಂದಿದ್ದೆ."

"ಆಗ ನಿನ್ನ ಬೆನ್ನು ಗಟ್ಟಿಯಿತ್ತು."

"ಆಮೇಲೆ ತಾನೇ ನಿಮ್ಮ ಮನೆ ಕೆಲಸಕ್ಕೆ ಸವೆದಿದ್ದು!"

ಮರುದಿನ ಶಾಲೆಯ ಮುಂದಿನ ಹಂಪಿಗೆ ಬಂದಾಗ ಅವನು ಕಾರನ್ನು ನಡೆಯುವ ವೇಗಕ್ಕೆ ಇಳಿಸಿದ. ಮುಂದಿನ ಚಕ್ರ ಮೆಲ್ಲಗೆ ಹತ್ತಿ ಇಳಿಯಿತು. ಹಿಂದಿನದು ಹತ್ತಿದಾಗ, ಹಿಂದಿನ ಸೀಟಿನಿಂದ ಹಲ್ಲುಗಳ ನಡುವೆ ಉಸಿರು ಎಳೆದುಕೊಂಡ ಸದ್ದು ಬಂತು.

"ಕುಕ್ತಾ ಅಕ್ಕಾ?"

"ಹೂಂ."

"ಜೋರಾಗಿ ಕುಕ್ತಾ?"

"ಹೂಂ ಕಣೋ. ನೀನು ರಸ್ತೆ ನೋಡು."

ಸಂಜೆಯೇ ಅವನು ಬಿಡಿಭಾಗದ ಅಂಗಡಿಗೆ ಹೋದ. ಕುಕ್ಕುತ್ತಿದೆ ಎಂದ ಮೇಲೆ ಹಿಂದೆ ಬಲ ಸಾಲದು. ಸಾಮಾನು ಹೊರುವ ಗಾಡಿಗಳಿಗೆಂದು ಮಾಡಿದ ಗಟ್ಟಿ ಶಾಕುಗಳನ್ನು ತಂದು ಹಾಕಿದ. ಅಕ್ಕನಿಗೆ ಅದನ್ನು ಹೇಳಿ, "ಈ ಸಲ ಹಂಪ್ ಬಂದಿದ್ದೇ ಗೊತ್ತಾಗಲ್ಲ ನೋಡ್ತಿರು," ಎಂದು ಮಾತೂ ಕೊಟ್ಟ.

ಗೊತ್ತಾಯಿತು. ಹೋಗುವಾಗ ಶಾಲೆಯ ಹಂಪಿನಲ್ಲಿ ಗೊತ್ತಾಯಿತು, ರೈಲು ಹಳಿಗಳ ಮೇಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ವ್ಯಾಯಾಮ ಮುಗಿಸಿ ಮನೆಗೆ ಮರಳಿದಾಗ ಅಕ್ಕ ಕಾರಿನಿಂದ ಇಳಿದು, ಗೇಟಿನ ಸರಳು ಹಿಡಿದು, ಬಹಳ ಹೊತ್ತು ಹಾಗೇ ನಿಂತಳು.

"ಇನ್ನು ನಾನು ಹೋಗಲ್ಲ ಪುಟ್ಟಾ."

"ಅಕ್ಕಾ, ಡಾಕ್ಟರಮ್ಮ ಏನಂದ್ರು ಕೇಳಿಸ್ಕೊಂಡಿದ್ದೀಯಲ್ಲ."

"ಅಲ್ಲಿ ಅವರು ನೆಟ್ಟಗೆ ಮಾಡಿ ಕಳಿಸ್ತಾರೆ. ದಾರೀಲಿ ಕಾರು ಅದನ್ನ ಮುರಿದು ಮನೆಗೆ ತಲುಪಿಸುತ್ತೆ. ಇದಕ್ಕೆ ಯಾಕೆ ಹೋಗ್ಬೇಕು?"

"ಬಾಡಿಗೆ ಕಾರು ಮಾಡ್ತೀನಿ. ದೊಡ್ಡ ಕಾರು."

"ಬೇಡವೇ ಬೇಡ. ಗಾಡಿ ಕುಲುಕಾಟಕ್ಕೆ ನಿನ್ನ ಬಿಟ್ರೆ ಇಲ್ಲ ಅಂತ ಊರೆಲ್ಲ ಹೇಳುತ್ತೆ. ನಿನ್ನ ಸ್ವಂತ ಕಾರೇ ಹೀಗಿದ್ರೆ ಬೇರೆಯವರ ಕಾರು ಹೇಗಿರುತ್ತೆ? ನಾನು ಹತ್ತಲ್ಲ."

ಈ ತರ್ಕದಲ್ಲಿ ದೋಷವಿತ್ತು. ಆದರೆ ಅದು ತಮ್ಮನ ಮೇಲಿನ ನಂಬಿಕೆಯ ಮೇಲೇ ನಿಂತಿದ್ದರಿಂದ ಅವನಿಗೆ ಒಡೆಯಲಾಗಲಿಲ್ಲ.

ಮರುದಿನ ಕ್ರಿಯಾಪದ ತನ್ನ ಕಾರನ್ನೇ ಗುಂಡಿಯ ಮೇಲೆ ನಿಲ್ಲಿಸಿಕೊಂಡ. ಕೆಳಗಿಳಿದು ಒಂದೊಂದು ಬೋಲ್ಟು ಬಿಗಿದು ನೋಡಿದ. ಬುಷ್ಷುಗಳನ್ನು ಸರಳಿನಿಂದ ಮೀಟಿದ, ಗಟ್ಟಿಯಾಗಿದ್ದವು. ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ಶಾಕು ಮುಟ್ಟಿದ. ಎರಡೂ ಸಮನಾಗಿ ಬೆಚ್ಚಗಿದ್ದವು. ಓಡಿಸುವಾಗ ಅವನಿಗೆ ವಿಶೇಷವೇನೂ ಅನಿಸಲೂ ಇಲ್ಲ. ಪಕ್ಕದ ಅಂಗಡಿಯಲ್ಲಿ ಗಾಡಿಗಳ ನೆಗ್ಗಿದ ತಗಡು ತಟ್ಟುವ ಟಿಂಕರ್, ಡಿಕ್ಕಿಯಿಂದ ಇಳಿಸಿದ ಸಾಮಾನೆಲ್ಲ ತನ್ನ ಮೂಲೆಗೆ ಬಂದು ಬಿದ್ದಿದ್ದ ಸಿಟ್ಟಿನಲ್ಲಿ ಕೂಗಿದ: "ಏನಣ್ಣಾ, ನಿನ್ನ ಸಂಸಾರನ ನನ್ನ ಮನೇಲಿ ಬಿಟ್ಟು ನೀನು ಗುಂಡಿ ಸೇರಿದ್ದೀಯಾ? ಈ ಗೇರ್‌ಬಾಕ್ಸಿಗೆ ಊಟ ಹಾಕೋರು ಯಾರು?" ಅವನು ಗುಂಡಿಯೊಳಗಿನಿಂದಲೇ ಕೈಯಾಡಿಸಿ, ಇನ್ನೊಂದು ಬೋಲ್ಟಿಗೆ ಪಾನಾ ಹಾಕಿದ.

ಮನೆಯ ಅಡುಗೆಕೋಣೆಯಲ್ಲಿ ಹೆಂಡತಿಯ ಹತ್ತಿರ ದನಿ ತಗ್ಗಿಸಿ ಹೇಳಿದ: "ಕಾರಲ್ಲಿ ಏನೂ ಇಲ್ಲ ಕಣೇ. ಬಿದ್ದ ಹೆದರಿಕೆ ಇನ್ನೂ ಹೋಗಿಲ್ಲ ಅಕ್ಕನಿಗೆ. ಅದಕ್ಕೆ ಹಾಗನಿಸುತ್ತೆ."

ಹೆಂಡತಿ ಒಲೆಯ ಉರಿ ತಗ್ಗಿಸಿ ತಿರುಗಿದಳು. "ಗಿರಾಕಿ ಹೇಳಿದ್ದು ಸುಳ್ಳಲ್ಲ, ನಮಗೆ ಅರ್ಥ ಆಗಿಲ್ಲ ಅಷ್ಟೇ ಅಂತ ಊರಿಗೆಲ್ಲ ಪಾಠ ಮಾಡ್ತೀರಿ. ಮನೆಯವರು ಹೇಳಿದ್ರೆ ಮಾತ್ರ ಹೆದರಿಕೆನಾ?"

ಪಾತ್ರೆಯನ್ನು ಒಲೆಯಿಂದ ಇಳಿಸಿ ಅವಳೇ ಮುಂದುವರಿಸಿದಳು.

"ಅಷ್ಟಕ್ಕೂ ಅಕ್ಕ ಹೇಳಿದ್ದೇನು?"

"ಕುಕ್ಕುತ್ತೆ ಅಂದ್ಲು."

"ನಾನೇನು ಕೇಳಿಸ್ಕೊಂಡಿಲ್ಲಪ್ಪ. ಹೋಗಿ ಇನ್ನೊಂದ್ಸಲ ಕೇಳಿ."

ಅವನು ಮುಂದಿನ ಕೋಣೆಗೆ ಹೋಗಿ, ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತ. ಅಕ್ಕ ಹಳೆಯ ಬಟ್ಟೆಯ ಚೂರೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ಮಡಿಸುತ್ತಿದ್ದಳು. ಕತ್ತರಿ ಇಲ್ಲದ ಕೈಗೆ ಮಾಡಲು ಬೇರೆ ಕೆಲಸವಿರಲಿಲ್ಲ.

"ಅಕ್ಕಾ, ಕಾರು ಕುಕ್ಕುತ್ತೆ ಅಂದ್ಯಲ್ಲ..."

"ನಾನೆಲ್ಲಿ ಅಂದೆ?"

"ಅಂದ್ಯಲ್ಲ, ಮೊದಲನೇ ದಿನವೇ. ಶಾಲೆ ಹತ್ರ."

"ಕುಕ್ತಾ ಅಂತ ಕೇಳಿದ್ದು ನೀನು. ನಾನು ಹೂಂ ಅಂದೆ."

ತನ್ನ ದನಿಯೇ ಅವನ ಕಿವಿಗೆ ಮತ್ತೆ ಕೇಳಿಸಿದಂತಾಯಿತು: ಕುಕ್ತಾ ಅಕ್ಕಾ? ಜೋರಾಗಿ ಕುಕ್ತಾ? ಮೇಷ್ಟ್ರ ಮುಂದೆ, ಟ್ಯಾಕ್ಸಿಯವರ ಮುಂದೆ, ಅವಸರದ ಗಿರಾಕಿಗಳ ಮುಂದೆ ಇಷ್ಟು ವರ್ಷ ಬಾಯಿ ಬಿಗಿಹಿಡಿದಿದ್ದವನು ಒಂದೇ ಒಂದು ಸಲ ಪದವನ್ನು ತಾನೇ ಕೊಟ್ಟಿದ್ದ, ಅದೂ ಆ ಪ್ರಶ್ನೆಯನ್ನು ತನಗೆ ಕಲಿಸಿದವಳಿಗೆ. ಪರಿಚಯ ಹೆಚ್ಚಿದ್ದಲ್ಲಿ ಕೇಳುವ ಅಭ್ಯಾಸ ಕಡಿಮೆಯಾಗುತ್ತದೆ. ಅವಳ ನೋವು ತನಗೆ ಗೊತ್ತು ಎಂದು ಅವನು ಅಂದುಕೊಂಡಿದ್ದ. ಇನ್ನು ನೋಯುತ್ತಿರುವ ಮನುಷ್ಯನೋ, ಪ್ರಶ್ನೆ ಬೇಗ ಮುಗಿದರೆ ಸಾಕೆಂದು ಯಾವ ಪದಕ್ಕಾದರೂ ಹೂಂ ಎನ್ನುತ್ತಾನೆ. ಆ ಹೂಂ ಸುಳ್ಳೂ ಅಲ್ಲ, ಸಾಕ್ಷಿಯೂ ಅಲ್ಲ.

"ಮತ್ತೆ ಅಲ್ಲ ಅಂತ ಹೇಳ್ಬಾರ್ದಿತ್ತಾ?"

"ನೋವಲ್ಲಿ ನಿಘಂಟು ತೆಗೆದು ಕೂತ್ಕೊಳ್ಲಾ? ನೀನು ಬೇರೆ ಅಳೋ ಮುಖ ಮಾಡ್ಕೊಂಡು ಕೇಳಿದೆ. ಹೋಗ್ಲಿ ಅಂತ ಹೂಂ ಅಂದೆ."

ಅವನು ಕೈ ಒರೆಸಿಕೊಂಡ, ಕೈಯಲ್ಲಿ ಗ್ರೀಸು ಇಲ್ಲದಿದ್ದರೂ. "ಸರಿ. ಕಾರು ಏನ್ ಮಾಡುತ್ತೆ ಅಕ್ಕಾ?"

ಅಕ್ಕ ಬಟ್ಟೆಯ ಚೂರನ್ನು ಪಕ್ಕಕ್ಕಿಟ್ಟಳು. ಕಣ್ಣು ಮುಚ್ಚಿದಳು. ಬಲಗೈಯನ್ನು ಅಂಗೈ ಮೇಲಾಗಿ ಹಿಡಿದು, ಪಕ್ಕನೆ ಮೇಲಕ್ಕೆ ಚಿಮ್ಮಿದಳು.

"ಎತ್ತಿಹಾಕುತ್ತೆ."

"ಎತ್ತಿ..."

"ಎತ್ತಿ, ಹಾಕುತ್ತೆ. ಹಾಕೋದು ಪರವಾಗಿಲ್ಲ ಕಣೋ, ದಿಂಬಿದೆ. ಎತ್ತುವಾಗ ಪ್ರಾಣ ಹೋಗುತ್ತೆ. ಕೆಳಗಿಂದ ಯಾರೋ ಒದ್ದ ಹಾಗೆ."

ಕುಕ್ಕುವುದು ಕೆಳಮುಖದ ಮಾತು. ಎತ್ತಿಹಾಕುವುದು ಮೇಲ್ಮುಖದ್ದು. ಒಂದು ಬಲ ಸಾಲದ್ದಕ್ಕೆ ಆಗುವುದು, ಇನ್ನೊಂದು ಬಲ ಹೆಚ್ಚಾದದ್ದಕ್ಕೆ. ಹೆಚ್ಚಾದಲ್ಲಿಗೆ ಅವನು ಇನ್ನಷ್ಟು ಗಟ್ಟಿ ಶಾಕು ಹಾಕಿ ಬಂದಿದ್ದ.

ಆದರೂ ಅವನು ಈ ಹೊಸ ಪದವನ್ನು ಕೂಡ ತಕ್ಷಣ ನಂಬಲಿಲ್ಲ. ಒಂದು ಸಲ ಎಡವಿದ್ದು ಸಾಕಾಗಿತ್ತು. ಎದ್ದು ಹೋಗಿ ಹೆಂಡತಿಯ ಕೈಗೆ ಕಾರಿನ ಬೀಗದ ಕೈ ಕೊಟ್ಟ.

"ನೀನು ಓಡಿಸು. ನಾನು ಹಿಂದೆ ಕೂರ್ತೀನಿ."

"ನಿಮ್ಮ ಕಾರನ್ನ ನಾನಾ? ಹೋದ ಸಲ ಗೇರ್ ಹಾಕಿದ್ದಕ್ಕೆ ಕಾರಿಗೆ ಗಂಟಲು ನೋವು ಬರುತ್ತೆ ಅಂದಿದ್ರಿ."

"ಇವತ್ತು ಬರ್ಲಿ."

ಅವನು ಅಕ್ಕನ ದಿಂಬಿಗೇ ಒರಗಿ, ಅಕ್ಕ ಕೂರುವಂತೆಯೇ ಕಾಲು ಚಾಚಿ ಕೂತ. ಆಗ ಹೊಳೆದ ಸಂಗತಿ ಅವನಿಗೇ ವಿಚಿತ್ರವೆನಿಸಿತು: ತಾನು ಈ ಕಾರಿನ ಹಿಂದಿನ ಸೀಟಿನಲ್ಲಿ ಹಿಂದೆಂದೂ ಕೂತಿರಲಿಲ್ಲ. ಅದರ ಇಂಜಿನನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದ, ಹೊಟ್ಟೆಯ ಕೆಳಗಿನ ಒಂದೊಂದು ತಿರುಪೂ ಕೈಗೆ ಗೊತ್ತಿತ್ತು. ಈ ಸೀಟು ಮಾತ್ರ ಅಪರಿಚಿತ.

ಶಾಲೆಯ ಹಂಪು ಬಂತು. ಮುಂದಿನ ಚಕ್ರ ಮೆಲ್ಲಗೆ ದಾಟಿತು. ಆಮೇಲೆ ಸೀಟು ಕೆಳಗಿನಿಂದ ಎದ್ದು ಅವನನ್ನು ಗಾಳಿಗೆ ಬಿಟ್ಟು ಮತ್ತೆ ಹಿಡಿದುಕೊಂಡಿತು.

"ಅಯ್ಯಯ್ಯೋ, ಎತ್ತಿಹಾಕ್ತು!"

"ಜೋರಾಗಿ ಹೋಗ್ಲಿಲ್ಲ ನಾನು," ಎಂದಳು ಹೆಂಡತಿ ಕನ್ನಡಿಯಲ್ಲಿ ನೋಡುತ್ತ. "ನೀವು ತೊಳೆದ ದಿನದಿಂದಲೇ ಈ ಕಾರಿನ ಹಿಂಭಾಗ ಎತ್ತರ ಕಾಣ್ಸುತ್ತಪ್ಪ. ಹಿಂದೆ ಬರೋ ಗಾಡಿ ನೋಡೋಕೆ ಕನ್ನಡಿ ಬಗ್ಗಿಸ್ಕೋಬೇಕು."

ಮನೆ ತಲುಪಿ ಇಳಿದವನೇ ಅವನು ಮಾರು ದೂರ ನಿಂತು ಕಾರನ್ನು ಪಕ್ಕದಿಂದ ನೋಡಿದ. ಹೌದು, ಅದು ಓಡಲು ಹೊರಟ ಮೊಲದಂತೆ ಹಿಂಭಾಗ ಎತ್ತಿ ನಿಂತಿತ್ತು.

ಮದುವೆಯ ಕಾಲಕ್ಕೆ, ಇಂಜಿನ್ನುಗಳನ್ನು ಹೊತ್ತೊಯ್ಯಲು ಬೇಕೆಂದು ಅವನು ಅದರ ಹಿಂದಿನ ಸ್ಪ್ರಿಂಗುಗಳನ್ನು ಬಿಚ್ಚಿ, ದಪ್ಪ ತಂತಿಯ ಭಾರೀ ಸ್ಪ್ರಿಂಗು ಹಾಕಿದ್ದ. ಅಂದಿನಿಂದ ಡಿಕ್ಕಿ ಖಾಲಿಯಾಗಿರಲೇ ಇಲ್ಲ. ಹೊರೆ ಇದ್ದಾಗ ಆ ಸ್ಪ್ರಿಂಗು ಮೆತ್ತಗೆ ಬಗ್ಗುತ್ತಿತ್ತು, ಗಟ್ಟಿ ಗಾಳಿಯ ಟೈರೂ ಸರಿಯಾಗಿತ್ತು, ಕಾರು ಹೇಳಿದ ಮಾತು ಕೇಳುತ್ತಿತ್ತು. ಅಕ್ಕನಿಗೆ ಸುಖವಾಗಲೆಂದು ಅವನು ಹೊರೆ ಇಳಿಸಿದ. ಹೊರೆ ಇಳಿದ ಮೇಲೆ ಆ ಸ್ಪ್ರಿಂಗಿಗೆ ಅಕ್ಕನ ತೂಕ ಲೆಕ್ಕಕ್ಕೇ ಇರಲಿಲ್ಲ. ಅದು ಬಗ್ಗದ ಕಂಬವಾಯಿತು. ರಸ್ತೆಯ ಉಬ್ಬನ್ನು ನುಂಗುವ ಬದಲು ನೆಟ್ಟಗೆ ಅವಳ ಬೆನ್ನಿಗೆ ತಲುಪಿಸಿತು.

ಇದೂ ಇನ್ನೂ ಊಹೆಯೇ. ಅವನು ಟಿಂಕರನ ಮೂಲೆಯಿಂದ ಗೇರ್‌ಬಾಕ್ಸ್, ಸರಪಳಿ, ಜಾಕುಗಳನ್ನು ತಂದು ಡಿಕ್ಕಿಗೆ ತುಂಬಿ, ಹೆಂಡತಿಯಿಂದ ಮತ್ತೆ ಓಡಿಸಿ ತಾನು ಹಿಂದೆ ಕೂತ. ಎತ್ತಿಹಾಕುವುದು ಅರ್ಧಕ್ಕರ್ಧ ಇಳಿಯಿತು. ಮತ್ತೆ ಎಲ್ಲ ಇಳಿಸಿ ಅವಳಿಂದಲೇ ಓಡಿಸಿದ. ಹಾಗೇ ಮರಳಿ ಬಂತು. ಒಂದು ಸಲ ಸರಿಹೋದರೆ ಅದು ಅದೃಷ್ಟವಿರಬಹುದು. ಕೆಡುಕನ್ನು ಬೇಕೆಂದಾಗ ಕರೆಸಿ ಬೇಡವೆಂದಾಗ ಕಳುಹಿಸಲು ಸಾಧ್ಯವಾದರೆ ಮಾತ್ರ ಕಾರಣ ಕೈಗೆ ಸಿಕ್ಕಿತು ಎನ್ನಬಹುದು.

"ಹೇರೋದು, ಇಳಿಸೋದು, ಹೇರೋದು, ಇಳಿಸೋದು," ಎಂದಳು ಹೆಂಡತಿ, ಸ್ಟೀರಿಂಗಿನ ಮೇಲೆ ಗಲ್ಲ ಊರಿ. "ಸಿಕ್ತಾ ಕೊನೆಗೆ?"

"ಸಿಕ್ತು. ತಪ್ಪು ಕಾರಿಂದಲ್ಲ, ನನ್ನದೇ."

ಡಿಕ್ಕಿ ತುಂಬಿಸಿಕೊಂಡೇ ಓಡಾಡಬಹುದಿತ್ತು. ಆದರೆ ಅರ್ಧ ಕಡಿಮೆಯಾದ ನೋವು ಅಕ್ಕನಿಗೆ ಸಾಲದು. ಸೀಟಿನ ಬೆನ್ನ ಹಿಂದೆ ಗೇರ್‌ಬಾಕ್ಸ್ ಜಾರುವುದೂ ಅವನಿಗೆ ಬೇಡವಾಗಿತ್ತು. ಬಿಚ್ಚಿದ ಒಳ್ಳೆಯ ಸಾಮಾನನ್ನು ಎಸೆಯುವ ಅಭ್ಯಾಸ ಅವನಿಗಿಲ್ಲದ್ದರಿಂದ ಮೊದಲಿನ ಸ್ಪ್ರಿಂಗುಗಳು ಗ್ಯಾರೇಜಿನ ಅಟ್ಟದಲ್ಲೇ ಇದ್ದವು. ಧೂಳು ಜಾಡಿಸಿ, ತುಕ್ಕು ಉಜ್ಜಿ, ಬಿರುಕಿಲ್ಲವೆಂದು ಖಚಿತ ಮಾಡಿಕೊಂಡು ಅವನ್ನು ಹಾಕಿದ. ಗಟ್ಟಿ ಶಾಕುಗಳನ್ನು ತೆಗೆದು, ಆ ಕಾರಿಗೆಂದೇ ಮಾಡಿದ ಸಾಧಾರಣ ಶಾಕು ಕೂರಿಸಿದ. ಟೈರಿನ ಗಾಳಿಯನ್ನು ಖಾಲಿ ಕಾರಿಗೆ ಹೇಳಿರುವ ಮಟ್ಟಕ್ಕೆ ಇಳಿಸಿದ. ಇನ್ನು ಈ ಕಾರು ಇಂಜಿನ್ ಹೊರುವುದಿಲ್ಲ. ಹೊರೆ ಬಿದ್ದಾಗ ಬಾಡಿಗೆಯ ಸಾಮಾನು ಗಾಡಿ ಕರೆಯಬೇಕು. ಹಿಂದಿನ ಮೂಲೆಯನ್ನು ಒತ್ತಿ ಬಿಟ್ಟ. ಅದು ಒಮ್ಮೆ ಎದ್ದು, ತನ್ನ ಜಾಗಕ್ಕೆ ಬಂದು ನಿಂತಿತು.

ಅಕ್ಕನನ್ನು ಒಪ್ಪಿಸುವುದು ಸ್ಪ್ರಿಂಗು ಬದಲಾಯಿಸಿದಷ್ಟು ಸುಲಭವಾಗಿರಲಿಲ್ಲ.

"ಹೋದ ಸಲವೂ ಗೊತ್ತಾಗಲ್ಲ ಅಂದಿದ್ದೆ."

"ಈ ಸಲ ಏನೂ ಅನ್ನಲ್ಲ. ಶಾಲೆ ಹಂಪಿನವರೆಗೆ ಬಾ. ಅಲ್ಲಿ ಬೇಡ ಅಂದ್ರೆ ತಿರುಗಿಸ್ತೀನಿ. ಮತ್ತೆ ಯಾವತ್ತೂ ಕೇಳಲ್ಲ."

"ಯಾವತ್ತೂ?"

"ಯಾವತ್ತೂ."

ಅವಳು ಹತ್ತಿ ಕೂತಳು. ಅವನು ಬೀದಿಯ ತಿರುವು ದಾಟಿ, ಹಂಪಿನ ಮುಂದೆ ಕಾರನ್ನು ನಡೆಯುವ ವೇಗಕ್ಕೆ ಇಳಿಸಿದ. ಮುಂದಿನ ಚಕ್ರ ದಾಟಿತು. ಹಿಂದಿನದು ಹತ್ತಿತು, ಇಳಿಯಿತು. ಅವನು ಕಿವಿಯನ್ನು ಪೂರ್ತಿ ಹಿಂದಕ್ಕಿಟ್ಟಿದ್ದ. ಹಲ್ಲುಗಳ ನಡುವಿನ ಉಸಿರು ಕೇಳಲಿಲ್ಲ. ಅಷ್ಟಾದರೂ ನೋವಾಗಲಿಲ್ಲವೋ, ಅವಳು ಬಾಯಿ ಬಿಗಿಹಿಡಿದಿದ್ದಾಳೋ ತಿಳಿಯಲಿಲ್ಲ. "ಈಗ ಪರವಾಗಿಲ್ವಾ ಅಕ್ಕಾ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದ. ರೈಲು ಹಳಿಗಳು ಬಂದವು, ಹೋದವು, ಆಗಲೂ ನುಂಗಿದ. ತಿರುಗಿಸು ಎಂದು ಹಿಂದಿನಿಂದ ಯಾರೂ ಹೇಳಲಿಲ್ಲ. ಆಸ್ಪತ್ರೆಯ ಗೇಟಿನ ಹಂಪನ್ನೂ ದಾಟಿ, ಕಾರು ನಿಲ್ಲಿಸಿ, ಇಂಜಿನ್ ಆರಿಸಿದ ಮೇಲೆ ತಿರುಗಿ ನೋಡಿದ.

"ಏನ್ ಮಾಡ್ತು?"

ಅಕ್ಕ ಅವಸರ ಮಾಡಲಿಲ್ಲ. ಬಟ್ಟೆಯ ಬಣ್ಣ ಆರಿಸುವವಳಂತೆ ಒಂದೆರಡು ಪದಗಳನ್ನು ಮನಸ್ಸಿನಲ್ಲೇ ತೆಗೆದು ಇಟ್ಟಂತೆ ಕಂಡಿತು.

"ತೂಗ್ತು," ಎಂದಳು.

ಅವನ ಮುಖ ಸಣ್ಣದಾಯಿತು. "ತೂಗ್ಬಾರ್ದಲ್ಲ ಅಕ್ಕಾ. ತೂಗಿದ್ರೆ ಶಾಕ್ ಸರಿಯಾಗಿ ಹಿಡೀತಿಲ್ಲ ಅಂತ. ಮೊನ್ನೆ ತಾನೇ ಹೊಸದು ಹಾಕಿದ್ದು. ಎಷ್ಟು ಸಲ ತೂಗ್ತು? ಒಂದೇ ಸಲನಾ, ಇಲ್ಲ..."

"ನೋಡು, ಮತ್ತೆ ಶುರು ಮಾಡ್ದ. ತೂಗಿದ್ದು ಚೆನ್ನಾಗಿತ್ತು ಕಣೋ."

"ಚೆನ್ನಾಗಿತ್ತು ಅನ್ನೋದು ತೀರ್ಮಾನ."

"ಹೌದಪ್ಪ, ತೀರ್ಮಾನ. ಕಾರು ನಿನ್ನದಿರಬಹುದು, ಸೊಂಟ ನನ್ನದು. ಬಾಗಿಲು ತೆಗಿ, ಡಾಕ್ಟರಮ್ಮ ಕಾಯ್ತಿರ್ತಾರೆ."

ಅವಳು ಒಳಗೆ ಹೋದ ಮೇಲೆ ಅವನು ಆಸ್ಪತ್ರೆಯ ಅಂಗಳದಲ್ಲಿ ಕಾರಿನ ನಾಲ್ಕೂ ಮೂಲೆಗಳನ್ನು ಒತ್ತಿ ನೋಡಿದ. ಒಮ್ಮೆ ಎದ್ದು ನಿಲ್ಲುತ್ತಿತ್ತು, ಅಷ್ಟೇ. ಆದರೂ ಇನ್ನೊಮ್ಮೆ ಒತ್ತಿದ. ಕಾವಲಿನವನು ಹತ್ತಿರ ಬಂದು, "ಏನ್ ಸಾರ್, ಕಾರಿಗೂ ವ್ಯಾಯಾಮನಾ?" ಎಂದು ಕೇಳಿದ ಮೇಲೆ ಬಿಟ್ಟ.

ಅಕ್ಕ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಬೆನ್ನು ಒಂದೇ ಸಲಕ್ಕೆ ನೆಟ್ಟಗಾಗಲೂ ಇಲ್ಲ. ನೋವು ಒಂದು ದಿನ ಹಿಂದೆ ಸರಿದರೆ ಇನ್ನೊಂದು ದಿನ ಮುಂದೆ ಬರುತ್ತಿತ್ತು. ಯೂನಿಫಾರಂ ಬಟ್ಟೆಯ ಥಾನುಗಳು ಅಂಗಡಿಗೆ ಬಂದು ಬೀಳುವ ಹೊತ್ತಿಗೆ ಅವಳು ಮೇಜಿನ ಮುಂದೆ ನಿಲ್ಲಬಲ್ಲವಳಾಗಿದ್ದಳು. ಹಿಂದಿನಂತೆ ಇಡೀ ದಿನ ಅಲ್ಲ. ನಡುನಡುವೆ ಎತ್ತರದ ಸ್ಟೂಲಿಗೆ ಒರಗಿಕೊಳ್ಳಬೇಕಿತ್ತು. ಜೊತೆಗಾತಿ ಮೇಜಿನ ಮೇಲಿನ ಹೊದಿಕೆ ತೆಗೆದು, ಕತ್ತರಿಗೆ ಸಾಣೆ ಹಿಡಿಸಿ ಇಟ್ಟಿದ್ದಳು. ಮೇಲಿನ ಹಲಗೆಯಿಂದ ಥಾನು ಇಳಿಸುವ ಕೆಲಸ ಮಾತ್ರ ಇನ್ನು ತನ್ನದೇ ಎಂದು ಕಟ್ಟುನಿಟ್ಟಾಗಿ ಹೇಳಿದಳು.

ಅಕ್ಕ ಮೊದಲು ಕತ್ತರಿಸಿದ್ದು ಯೂನಿಫಾರಂ ಅಲ್ಲ, ತಮ್ಮನಿಗೊಂದು ಕೆಲಸದ ಅಂಗಿ. ಕೈ ಕುದುರಬೇಕು, ಕೆಟ್ಟರೂ ನಿನ್ನದೇ ತಾನೇ ಎಂದು ಕಾರಣ ಕೊಟ್ಟಳು. ಅಳತೆ ನೋಡಲು ಅವನು ಸಂಜೆ ಅಂಗಡಿಗೆ ಬಂದ. ಅರೆಹೊಲಿದ ಅಂಗಿಯನ್ನು ಅವನಿಗೆ ತೊಡಿಸಿ, ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಹಿಂದೆ ನಿಂತು ಭುಜದ ಹೊಲಿಗೆ ಎಳೆದಳು.

"ಕಂಕುಳಲ್ಲಿ ಹಿಡಿಯುತ್ತಾ?"

ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ನಿಂತ.

ಅವಳು ಸೂಜಿಗಳನ್ನು ಬಾಯಿಂದ ತೆಗೆದು ನಕ್ಕಳು. "ಆಯ್ತು ಮಾರಾಯಾ. ಏನ್ ಮಾಡುತ್ತೆ ಹೇಳು."

ಅವನು ಗುಂಡಿಯೊಳಗೆ ನಿಂತು ಮೇಲಿನ ಬೋಲ್ಟಿಗೆ ಕೈ ಹಾಕುವವನಂತೆ ಎರಡೂ ತೋಳುಗಳನ್ನು ಎತ್ತಿದ, ಇಳಿಸಿದ, ಭುಜವನ್ನು ಒಮ್ಮೆ ತಿರುವಿದ.

"ಏನೂ ಮಾಡಲ್ಲ ಅಕ್ಕಾ."

"ಹಾಗಾದ್ರೆ ಬಿಚ್ಚು. ಗುಂಡಿ ಹಾಕ್ಬೇಕು."

"ಗುಂಡಿ ಯಾಕೆ? ರಸ್ತೆ ತುಂಬ ಇದ್ಯಲ್ಲ."

"ಬಿಚ್ಚೋ ಮೊದ್ಲು," ಎಂದಳು ಅಕ್ಕ, ಮೇಜಿನ ಅಂಚಿಗೆ ಸೊಂಟ ಒರಗಿಸಿ ನಿಂತು.